ನೀಲಮ್ಮನ ತಟ್ಟೆಗೆ ಬಂದ ಹಸಿ ಕಸ

"ಶಕ್ಕೂಬಾಯಿ, ಹಿಂದ ಸರೀರಿ! ಈಗ ನೋಡ್ರಿ ನನ್ನ ಯಂತ್ರದ ಕರಾಮತ್ತು!" ಎಂದು ವೀರಭದ್ರಪ್ಪ ಪಕ್ಕದ ಮನೆಯವಳ ಮುಂದೆ ಗುಂಡಿ ಒತ್ತಿದ.

ಅವನ ಹೆಂಡತಿ ನೀಲಮ್ಮನಿಗೆ ಅದಾವುದೂ ಬೇಕಿರಲಿಲ್ಲ. ಎಲ್ಲರಿಗೂ ರೊಟ್ಟಿ ಬಡಿದು ಹಾಕಿ ಮುಗಿದಿತ್ತು. ಅಪರೂಪಕ್ಕೆ ಬಿಸಿಯಾದದ್ದೊಂದು ಅವಳಿಗೂ ಉಳಿದಿತ್ತು. ಅದರ ಮೇಲಿಟ್ಟ ಬೆಣ್ಣೆ ಕರಗುವುದರೊಳಗೆ ಒಂದು ತುತ್ತು, ಅಷ್ಟೇ ಅವಳ ಆಸೆ.

ಹಳೆಯ ವಾಷಿಂಗ್ ಮಶಿನ್ನಿಗೆ ಗಾಲಿ, ಎರಡು ಕೈ, ಒಂದು ಕಣ್ಣು ಕೂಡಿಸಿ ಮಾಡಿದ ಆ ಕಸ ವಿಂಗಡಿಸುವ ಯಂತ್ರ ಗುರುಗುಟ್ಟಿತು.

"ನಾ ಏನೂ ಕಲಿಸಿಲ್ರಿ! ಅಡಗೀಮನ್ಯಾಗ ಕುಂತು ನಮ್ಮಾಕೀನ್ನ ನೋಡಿ ನೋಡಿ ತಾನ ಕಲ್ತೈತಿ!"

ಕಾಗದ ನೀಲಿ ಬುಟ್ಟಿಗೆ ಬಿತ್ತು. ಒಡೆದ ಗಾಜು ಕೆಂಪು ಬುಟ್ಟಿಗೆ. ಶಕ್ಕೂಬಾಯಿ ಚಪ್ಪಾಳೆ ತಟ್ಟಿದಳು. ಆಮೇಲೆ ಯಂತ್ರ ನಿನ್ನೆಯ ಹುಳಿ ಅನ್ನದ ಬೋಗುಣಿ ಎತ್ತಿ, ಹಸಿ ಕಸದ ಹಸಿರು ಬುಟ್ಟಿಯನ್ನು ದಾಟಿ, ಸೀದಾ ಒಳಗೆ ಬಂದು ನೀಲಮ್ಮನ ತಟ್ಟೆಗೆ ಸುರಿಯಿತು. ಬೆಣ್ಣೆಯ ಮೇಲೇ!

"ಅಯ್ಯಯ್ಯ! ಏನ್ರೀ ಇದು!"

"ಒಂದ್ ತಿರುಪು ಸಡಲೈತಿ, ತಡಿ..."

ತಿರುಪು ಬಿಗಿಯಾಯಿತು. ಬದನೆಕಾಯಿ ತೊಟ್ಟು, ಉಳ್ಳಾಗಡ್ಡಿ ಸಿಪ್ಪೆ, ಚಹಾದ ಚರಟವೂ ತಟ್ಟೆಗೆ ಬಂದವು. ನೀಲಮ್ಮ ತಟ್ಟೆ ಬಚ್ಚಿಟ್ಟಳು. ಯಂತ್ರ ಅವಳಿಗೆ ಉಣಿಸಲು ಚಮಚ ಹಿಡಿಯಿತು! ಅವಳು ಅಂಗಳಕ್ಕೆ ಓಡಿದಳು. ಅದು ಓಣಿಗೇ ಇಳಿದು, ಮನೆಮನೆಯ ಹಸಿ ಕಸವನ್ನೆಲ್ಲ ತಂದು ಅವಳ ಕಾಲ ಬುಡದಲ್ಲಿ ಗುಡ್ಡೆ ಹಾಕಿ, ಚಮಚ ಎತ್ತಿ ಮೆತ್ತಗೆ ಹೇಳಿತು:

"ಚೆಲ್ಲೂದ್ಯಾಕ? ನಂಗಿರ್ಲಿ ಬಿಡ್ರಿ, ನಾ ಉಣತೇನಿ."

ನೀಲಮ್ಮ ಕಲ್ಲಾದಳು. ಅದು ಅವಳದೇ ದನಿ! ಮದುವೆಯಾಗಿ ಈ ಮನೆ ಹೊಕ್ಕಂದಿನಿಂದ, ಪಾತ್ರೆಯ ತಳ ಕೆರೆಯುವಾಗೆಲ್ಲ ಆಡಿದ ಮಾತು. ಇಷ್ಟು ಸಲ ಆಡಿದ್ದೇನೆಯೇ? ತಂಗಳು ತನಗೆ ರುಚಿಸುತ್ತದೆಂದೇ ಅವಳು ನಂಬಿದ್ದಳು.

"ನಮ್ಮನ್ಯಾಗೂ ಹಿಂಗ ಐತಲ್ಲವ್ವಾ..." ಎಂದಳು ಶಕ್ಕೂಬಾಯಿ, ಸೆರಗು ಬಾಯಿಗೆ ಒತ್ತಿಕೊಂಡು.

ವೀರಭದ್ರಪ್ಪ ತಲೆ ತಗ್ಗಿಸಿದ. "ಯಂತ್ರದ್ದೇನೂ ತಪ್ಪಿಲ್ಲ. ನೋಡಿದ್ದನ್ನ ಮಾಡಾಕತ್ತೈತಿ."

"ಹಂಗಾರ ಬ್ಯಾರೆ ತೋರಸೂಣು. ಕಲಿಯೂ ಗುಂಡಿ ಒತ್ತಿ ಕುಂದರ್ರಿ," ಎಂದಳು ನೀಲಮ್ಮ.

ಅವಳೇ ಹುಳಿ ಅನ್ನವನ್ನು ಅವನ ತಟ್ಟೆಗೆ ಹಾಕಿದಳು. ತನಗೆ ಹೊಸದಾಗಿ ರೊಟ್ಟಿ ಬಡಿದುಕೊಂಡು, ಅವನೆದುರೇ ಕುಳಿತಳು.

"ಈಗ ಅನ್ರಿ."

"ಚೆಲ್ಲೂದ್ಯಾಕ..." ವೀರಭದ್ರಪ್ಪ ಮುಖ ಹಿಂಡಿ ಒಂದು ತುತ್ತು ನುಂಗಿದ. "ನಾ ಉಣತೇನಿ."

ಯಂತ್ರದ ಕಣ್ಣು ಇವಳಿಂದ ಅವನತ್ತ ಹೊರಳಿತು. ಮರುಗಳಿಗೆ ಓಣಿಯ ಕಸವೆಲ್ಲ ಅವನ ಮೇಲೆ! ಅವನು ಪಂಚೆ ಎತ್ತಿ ಓಡಿದ; ಚಮಚ ಹಿಡಿದು ಯಂತ್ರ ಬೆನ್ನು ಹತ್ತಿತು.

"ನೀಲಾ! ನಿಲ್ಲಸೂ ಗುಂಡಿ ಒತ್ತ! ಲಗೂನ ಒತ್ತ!"

ನೀಲಮ್ಮ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು.

"ಒತ್ತತೇನ್ರಿ, ತಡೀರಿ. ರೊಟ್ಟಿ ಇನ್ನೂ ಬಿಸಿ ಐತಿ."