ಕಾಲು ಸಡಿಲ ಬಿಡಿ, ಸಾರ್

…ಅಥವಾ ಎಡಗಾಲೇ ಇರಬಹುದು. ಸಿಸ್ಟರ್ ಮೊದಲು ಹಿಡಿದದ್ದು ಬಲಗಾಲು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಪಕ್ಕದಲ್ಲೇ ಕೂತಿದ್ದ ನನ್ನ ಹೆಂಡತಿ ಎಡಗಾಲು ಅನ್ನುತ್ತಾಳೆ. ಹೇಳಿದಷ್ಟು ಸಲವೂ ಹೊಸ ಬಣ್ಣ ಬಳಿದುಕೊಳ್ಳುವ ಚಾಳಿ ನನ್ನ ನೆನಪಿಗಿದೆ, ಆದ್ದರಿಂದ ಕಾಲು ಯಾವುದಾದರೂ ಆಗಲಿ. ಹರ್ನಿಯಾ ಆಪರೇಷನ್ನಿಗೆಂದು ತಾಯಲೂರಿನಿಂದ ಕೋಲಾರದ ಆಸ್ಪತ್ರೆಗೆ ಹೋಗಿ, ಬಿ.ಪಿ. ಏರಿದೆ ಎಂದು ಎರಡು ಸಲ ವಾಪಸಾಗಿದ್ದಂತೂ ನಿಜ. ಮೂರನೇ ಸಲ ಡಾಕ್ಟರು, "ಸಂಜೆಯೊಳಗೆ ಇಳಿದರೆ ನಾಳೆ ಆಪರೇಷನ್, ಇಲ್ಲದಿದ್ದರೆ ಮನೆಗೆ" ಎಂದರು. ಸಮಾಧಾನವಾಗಿರಿ ಎಂದೂ ಸೇರಿಸಿದರು. ಗಡುವು ಕೊಟ್ಟು ಸಮಾಧಾನವಾಗಿರು ಎಂದರೆ ಯಾರಿಂದಾಗುತ್ತದೆ?

ಮಧ್ಯಾಹ್ನ ಮಾತ್ರೆ ಕೊಟ್ಟ ಸಿಸ್ಟರ್, ರಾಯಲ್ಪಾಡಿನ ಕಡೆಯ ಹೆಣ್ಣುಮಗಳು, ಸ್ಟೂಲು ಎಳೆದುಕೊಂಡು ಕೂತು ಅಂಗೈಗೆ ಎಣ್ಣೆ ಸವರಿಕೊಂಡು ನನ್ನ ಪಾದ ಹಿಡಿದಳು. "ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ದಾರೆ ಸಾರ್. ಮಾತ್ರೆ ಜೊತೆಗೆ ಇದೂ. ಹತ್ತು ನಿಮಿಷ ಕಾಲು ಒತ್ತಿದ್ರೆ ಮನಸು ಹಗುರ ಆಗ್ತದೆ."

ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಯಾರಾದರೂ ಪಾದ ಮುಟ್ಟಿದರೆ ಮಾಡಲು ಗೊತ್ತಿರುವುದು ಒಂದೇ: ಕಾಲು ಹಿಂದಕ್ಕೆಳೆದು, ಬಲಗೈ ಎತ್ತಿ ಹರಸುವುದು. "ನೂರು ವರ್ಷ ಚೆನ್ನಾಗಿ ಬಾಳಮ್ಮ" ಎಂದೆ. ಆಕೆ ಮತ್ತೆ ಹಿಡಿದಳು. ಮತ್ತೆ ನೂರು ವರ್ಷ.

"ಅಯ್ಯೋ ದೇವುಡಾ, ಕಾಲು ಸಡಿಲ ಬಿಡಿ ಸಾರ್!"

ಪಕ್ಕದ ಮಂಚದಿಂದ ಶ್ರೀನಿವಾಸಪುರದ ಮಾವಿನ ಮಂಡಿಯ ಬಾಷಾ ಸಾಹೇಬರು, "ಅರೆ ಮೇಷ್ಟ್ರೇ, ಸಿಸ್ಟರಮ್ಮಂಗೆ ಆಗ್ಲೇ ಸಾವಿರ ವರ್ಷ ಆಯ್ತಲ್ರೀ. ನಿಮಗೂ ಸ್ವಲ್ಪ ಇಟ್ಕೊಳ್ಳಿ!" ಎಂದರು. ವಾರ್ಡೆಲ್ಲ ನಕ್ಕಿತು. ಬಿ.ಪಿ. ನೋಡಿದರೆ ಇನ್ನಷ್ಟು ಏರಿತ್ತು.

ಇದೆಲ್ಲ ಸಾಕು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಕಿವಿಯಲ್ಲಿ, "ಸುಮ್ನೆ ಕಾಲು ಕೊಡ್ರೀ. ಬೆಳಿಗ್ಗೆಯಿಂದ ಆ ಹುಡುಗಿ ಕೂತಿದ್ದು ಇದೇ ಮೊದಲು" ಎಂದಳು. ಸ್ಟೂಲಿನ ಕೆಳಗೆ ನೋಡಿದೆ. ಆಕೆ ಚಪ್ಪಲಿ ಬಿಟ್ಟು, ಬಾತ ಪಾದಗಳನ್ನು ತಣ್ಣನೆಯ ನೆಲಕ್ಕೆ ಒತ್ತಿಕೊಂಡಿದ್ದಳು. ಎತ್ತಿದ ಕೈ ಇಳಿಸಿ, ಬಾಯಿ ಮುಚ್ಚಿ, ಕಾಲು ಬಿಟ್ಟುಕೊಟ್ಟೆ. ಹತ್ತು ನಿಮಿಷ ಮುಗಿದ ಮೇಲೂ, "ಈ ಕಾಲು ಇನ್ನೂ ಬಿಗಿಯಾಗಿದೆ ಕಣಮ್ಮ" ಎಂದು ಸುಳ್ಳು ಹೇಳಿದೆ.

ಸಂಜೆಗೆ ಬಿ.ಪಿ. ಇಳಿದಿತ್ತು, ಮರುದಿನ ಆಪರೇಷನ್ನೂ ಆಯಿತು. ಇಳಿಸಿದ್ದು ಮಾತ್ರೆಯೋ, ಎಣ್ಣೆಯೋ, ಸುಳ್ಳೋ ಎಂದು ಡಾಕ್ಟರನ್ನು ಕೇಳಿದರೆ ನಕ್ಕು ಮುಂದಿನ ಮಂಚಕ್ಕೆ ಹೋದರು. ನನಗೂ ಗೊತ್ತಿಲ್ಲ. ಅಷ್ಟೊಂದು ವರ್ಷ ಹಂಚಿದವನು ಆಕೆಯ ಹೆಸರನ್ನೇ ಕೇಳಿರಲಿಲ್ಲ. ಅದೂ ಗೊತ್ತಿಲ್ಲ.