ಮಧ್ಯಾಹ್ನ ಮಲಗುವ ಶೀಟು

ಮಧ್ಯಾಹ್ನ ಅಂಗಡಿ ಮುಚ್ಚಿಯಾದರೂ ನಾಲ್ಕರವರೆಗೆ ಮಲಗುವ ಊರು ಪುಣೆ; ಅಲ್ಲಿ ಊಟ ಮಾಡಿ ಮಲಗಿದವರನ್ನು ಎಬ್ಬಿಸುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಆದರೆ ಕಂಪ್ಯೂಟರಿನೊಳಗಿನ ಒಂದು ಶೀಟೂ ಮಧ್ಯಾಹ್ನ ಮಲಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಕಣ್ಣಾರೆ ಕಂಡದ್ದರಿಂದ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನೊಂದು ಹಾಲಿನ ಕಂಪನಿಯಲ್ಲಿ ಗುಮಾಸ್ತ. ಹಾಲು ತರಲು ಯಾವ ಟ್ಯಾಂಕರ್ ಯಾವ ಊರಿಗೆ ಹೋಗಬೇಕೆಂಬುದನ್ನು ಕಂಪ್ಯೂಟರಿನ ಒಂದು ವರ್ಕ್‌ಬುಕ್, ಅಂದರೆ ಲೆಕ್ಕದ ಫೈಲು, ತನ್ನ ಶೀಟಿನಲ್ಲಿ ತಾನೇ ಜೋಡಿಸಿ ಕೊಡುತ್ತಿತ್ತು. ಅದನ್ನು ಮಾಡಿಟ್ಟವರು ಜೋಶಿ ಕಾಕಾ, ನಿವೃತ್ತರಾಗಿ ಸಾಸವಡದಲ್ಲಿದ್ದರು. ದಿನಾ ಬೆಳಿಗ್ಗೆ ಅದನ್ನು ತೆರೆದು, ಪ್ರಿಂಟ್ ತೆಗೆದು ಚಾಲಕರಿಗೆ ಕೊಡುವುದಷ್ಟೇ ನನ್ನ ಕೆಲಸ. ಆ ದಿನ ಬೆಳಿಗ್ಗೆ ಹೋದ ಕರೆಂಟು ಊಟದ ನಂತರ, ಎರಡರ ಹೊತ್ತಿಗೆ ಬಂತು. ತೆರೆದು ನೋಡಿದರೆ ಶೀಟೇ ಇಲ್ಲ! ಅದರ ಬದಲು ಪುಟ್ಟ ಚೌಕದೊಳಗೆ, ‘ವಿಶ್ರಾಂತಿ. ನಾಲ್ಕರ ನಂತರ ಬರಬೇಕು’ ಎಂದು ಮರಾಠಿಯಲ್ಲಿ ಬರೆದಿತ್ತು.

ಹೊರಗೆ ಚಾಲಕರು ಹಾರ್ನ್ ಬಾರಿಸುತ್ತಿದ್ದರು. ಬಾರಾಮತಿಯಲ್ಲಿ ಹಾಲು ಬಿಸಿಲಲ್ಲಿ ಕಾಯುತ್ತಿತ್ತು. ನಾಲ್ಕರವರೆಗೆ ಕೂತರೆ ಒಡೆಯುವುದು ಖಂಡಿತ. ಮರೆಮಾಡಿದ ಶೀಟುಗಳನ್ನು ತೋರಿಸುವ ಮೆನುವಿನಲ್ಲಿ ಹುಡುಕಿದೆ, ಇದರ ಹೆಸರಿಲ್ಲ. ಮ್ಯಾಕ್ರೊ, ಅಂದರೆ ಕಾಕಾ ವರ್ಕ್‌ಬುಕ್ಕಿಗೆ ಬರೆದಿಟ್ಟ ಅಪ್ಪಣೆ, ಅದು ಓಡದಂತೆ ತಡೆದು ವರ್ಕ್‌ಬುಕ್ ತೆರೆದೆ. ಮಲಗಿಸಿದ ಮ್ಯಾಕ್ರೊವೇ ಎಬ್ಬಿಸಬೇಕಂತೆ, ಶೀಟು ಮಿಸುಕಲಿಲ್ಲ. ಅಪ್ಪಣೆಯನ್ನೇ ತಿದ್ದೋಣವೆಂದರೆ ಪಾಸ್‌ವರ್ಡ್. ಕೊನೆಗೆ ಎದೆ ಗಟ್ಟಿಮಾಡಿಕೊಂಡು ಸಾಸವಡಕ್ಕೆ ಫೋನು ಮಾಡಿದೆ. ಕಾಕಾರ ಹೆಂಡತಿ, “ತೇ ಝೋಪಲೇತ. ಚಾರ್ ನಂತರ ಕರಾ” ಎಂದು ಇಟ್ಟುಬಿಟ್ಟರು. ಮಲಗಿದ್ದಾರೆ, ನಾಲ್ಕರ ಮೇಲೆ ಮಾಡಿ! ಮನೆಯಲ್ಲೂ ವರ್ಕ್‌ಬುಕ್ಕಿನಲ್ಲೂ ಒಂದೇ ಉತ್ತರ.

ಪಕ್ಕದ ಮೇಜಿನ ಸುಮಿತ್ರಾಬಾಯಿ ಬಿಜಾಪುರದವರು. “ಏನ್ರೀ ದೇಸಾಯರ, ಜೋಶಿಯವ್ರು ಶೀಟಿಗೂ ಹಾಸಿಗಿ ಹಾಸಿ ಹೋಗ್ಯಾರೇನು? ಚಾದರ ಎಳದ್ ನೋಡ್ರಿ!”

“ನಗಬ್ಯಾಡ್ರೀ ಬಾಯಾರ, ಹಾಲು ಒಡದ ಹೋಗ್ತದ.”

“ಹೋಗ್ಲಿ ಬಿಡ್ರಿ, ಪನೀರ್ ಮಾಡಿ ಮಾರೋಣು. ಅಲ್ರೀ, ನಾಕು ಹೊಡದದ್ದು ಆ ಡಬ್ಬಿಗೆ ಹೆಂಗ ತಿಳೀತದ?”

ಪರದೆಯ ಮೂಲೆಯಲ್ಲಿದ್ದ ಗಡಿಯಾರವನ್ನೇ ದಿಟ್ಟಿಸಿದೆ. ಅದನ್ನು ಐದಕ್ಕೆ ಇಟ್ಟು, ವರ್ಕ್‌ಬುಕ್ ಮುಚ್ಚಿ, ಮತ್ತೆ ತೆರೆದೆ. ಶೀಟು ಮುಖ ತೊಳೆದುಕೊಂಡವರ ಹಾಗೆ ಎದ್ದು ಕೂತಿತ್ತು!

ಪ್ರಿಂಟರ್ ಕಿರುಗುಟ್ಟಿತು. ಟ್ಯಾಂಕರುಗಳು ಧೂಳೆಬ್ಬಿಸಿ ಹೊರಟವು. ಸಾಹೇಬರು ಎದ್ದು ಬಂದು ಬೆನ್ನು ತಟ್ಟಿದರು. ಸುಮಿತ್ರಾಬಾಯಿ, “ಭಾಳ ಶಾಣ್ಯಾ ಅದೀರಿ ಬಿಡ್ರಿ” ಎಂದು ಚಹಾ ತರಿಸಿದರು. ಪ್ರಶ್ನೆ ತಮ್ಮದೆಂಬುದನ್ನು ಅವರೂ ನೆನಪಿಸಲಿಲ್ಲ, ನಾನೂ ನೆನಪಿಸಲಿಲ್ಲ. ಪುಣೆಯ ಮಧ್ಯಾಹ್ನವನ್ನು ಸೋಲಿಸಿದ ಮೊದಲ ಕನ್ನಡಿಗ ನಾನೇ ಇರಬೇಕು ಅನ್ನಿಸಿತು.

ಆ ಗುಂಗಿನಲ್ಲೇ ಪರದೆ ನೋಡಿದರೆ ಆರಾಗುತ್ತಾ ಬಂದಿತ್ತು. ಇವತ್ತು ಬಹಳ ದುಡಿದೆ ಎಂದುಕೊಂಡು, ಚೀಲ ಹೆಗಲಿಗೇರಿಸಿ ಬಸ್ ಸ್ಟಾಪಿಗೆ ನಡೆದೆ. ಬಿಸಿಲು ನೆತ್ತಿ ಸುಡುತ್ತಿತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು, ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸಂಜೆ ಆರಾದರೂ ಎದ್ದಿಲ್ಲವಲ್ಲ, ಎಂಥ ಜನವಪ್ಪಾ ಎಂದು ಇಡೀ ಊರಿನ ಬಗ್ಗೆ ಮರುಕಪಡುತ್ತಾ ಬಸ್ಸಿಗೆ ಕಾದೆ.