ನಿಶ್ಚಿತಾರ್ಥದ ದಿನ ನಾನು ಫೋನ್ ಗುಡಿಸಿದ್ದು

ಕಳೆದ ಭಾನುವಾರ ಬೆಳಿಗ್ಗೆ ಸಾಲಿಗ್ರಾಮದಲ್ಲಿ, ಹೆಂಡತಿಯ ತಂಗಿಯ ಮಗಳು ಸುಮಾಳ ನಿಶ್ಚಿತಾರ್ಥದ ನಡುವೆ ನನ್ನ ಫೋನ್ ಸತ್ತಿತು. ಇಷ್ಟು ಸತ್ಯ. ಉಳಿದದ್ದೆಲ್ಲ ಹೆಂಡತಿಯ ಆರೋಪ.

ಸೋದರಮಾವ ಒಪ್ಪಿಗೆ ಕೊಡದೆ ವೀಳ್ಯ ಬದಲಿಸುವ ಹಾಗಿಲ್ಲ ಎಂಬುದು ನಮ್ಮ ಅತ್ತೆಯ ಕಾನೂನು. ಸೋದರಮಾವ ರಾಘುವೋ ಕಾಲು ಮುರಿದುಕೊಂಡು ಮುಂಬಯಿಯಲ್ಲಿ ಮಲಗಿದ್ದಾನೆ. ಅವನನ್ನು ವಿಡಿಯೊದಲ್ಲಿ ಹಾಜರುಪಡಿಸುವ ಹೊಣೆ ನಾನೇ ಹೊತ್ತೆ. ಪತ್ರಿಕೆಯ ವರದಿಗಾರನಲ್ಲವೇ ನಾನು!

ಕುಂದಾಪುರ ಬಿಡುವಾಗ ಬ್ಯಾಟರಿ ತುಂಬಿತ್ತು. ಅದನ್ನು ಉಳಿಸಲು ಬಸ್ಸಿನಲ್ಲಿ ಕೂತು, ತೆರೆದಿದ್ದ ಆಪ್‌ಗಳನ್ನೆಲ್ಲ ಮೇಲಕ್ಕೆ ತಳ್ಳಿ ಮುಚ್ಚಿದೆ. ಸುದ್ದಿ ಕಳಿಸಿದ ಮೇಲೆ ಮೇಜು ಖಾಲಿ ಮಾಡುವುದು ನನ್ನ ಶಿಸ್ತು. ಮೆಸೇಜ್ ಬಂತು, ತೆರೆದೆ, ಮುಚ್ಚಿದೆ. ಕ್ಯಾಮೆರಾ ತೆರೆದೆ, ಮುಚ್ಚಿದೆ. ಬೆರಳು ನೋಯತೊಡಗಿದಾಗ, ಮೆಮೊರಿ ಗುಡಿಸುವ ಆಪ್ ಒಂದನ್ನು ಕೆಲಸಕ್ಕೆ ನೇಮಿಸಿದೆ. ಮಲಗಿದವರನ್ನು ಎಬ್ಬಿಸಿ "ಮಲಗಿದ್ದೀರಾ?" ಎಂದು ಕೇಳುವ ಕಾವಲುಗಾರ ಅದು ಎಂದು ಯಾರಿಗೆ ಗೊತ್ತಿತ್ತು!

ಕೋಟ ದಾಟುವಾಗ ಫೋನ್ ಕಾದ ಕಾವಲಿಯಾಗಿತ್ತು.

"ಹ್ವಾಯ್, ಎಂತ ಮಾಡ್ತಾ ಇದ್ರಿ? ಕಿಸೆ ಸುಡ್ತಿಲ್ಯಾ?" ಎಂದಳು ಹೆಂಡತಿ.

"ಸ್ವಚ್ಛತೆ ಮರಾಯ್ತಿ!"

ವೀಳ್ಯದ ತಟ್ಟೆ ಸಿದ್ಧವಾಯಿತು. ರಾಘು ಪರದೆಗೆ ಬಂದ. "ಭಾವಯ್ಯ, ಹುಡ್ಗನ್ ಮುಖ ತೋರ್ಸಿ!" ತೋರಿಸಲು ಫೋನ್ ತಿರುಗಿಸಿದೆ. ಗುಡಿಸುವ ಆಪ್ ರಾಘುವನ್ನೂ ಕಸವೆಂದು ಗುಡಿಸಿತು. ಮತ್ತೆ ಕರೆದೆ. ಮತ್ತೆ ಗುಡಿಸಿತು. ಇನ್ನೊಮ್ಮೆ ಕರೆದಾಗ ರಾಘು ಗಂಭೀರವಾಗಿ, "ನಾ ಎಂತ ಹೇಳ್ತೆ ಅಂದ್ರೆ..." ಎಂದ. ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು.

ಹುಡುಗನ ತಂದೆಯ ಮುಖವೂ ಕಪ್ಪಾಯಿತು. "ಎಂತ, ತಕರಾರಾ?"

ಅತ್ತೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಮದುಮಗಳು ತಲೆಯೆತ್ತಿದಳು. "ದೊಡ್ಡಪ್ಪಯ್ಯ, ಮೆಮೊರಿ ಒಳ್ಗೆ ಸುಮ್ನೆ ಮನಿಕಂಡ ಆಪ್‌ಗೆ ಖರ್ಚ್ ಇಲ್ಲೆ. ಅದನ್ನ ಕೊಂದ್, ಮತ್ತೆ ಹುಟ್ಸುಕೇ ಪ್ರೊಸೆಸರ್ ಎದ್ದ್ ಕುಣೀಬೇಕ್. ಬ್ಯಾಟ್ರಿ ಖಾಲಿ ಆಗುದ್ ಅಲ್ಲೇ!"

"ನಿಶ್ಚಿತಾರ್ಥ ನಿಂದ್. ನೀ ನಾಚ್ಕಂಡ್ ಕೂಕೊ" ಎಂದೆ.

ಹೆಂಡತಿ ಚೀಲದಿಂದ ತನ್ನ ಫೋನ್ ತೆಗೆದಳು. ಅದರಲ್ಲಿ ಆಕೆ ಕೊಂಡಂದಿನಿಂದ ಒಂದು ಆಪನ್ನೂ ಮುಚ್ಚಿದ್ದಿಲ್ಲ. ಬ್ಯಾಟರಿ ಮಾತ್ರ ದಂಡಿಯಾಗಿತ್ತು! ರಾಘು ಮತ್ತೆ ಕಾಣಿಸಿದ. "ಹುಡ್ಗ ಚಂದ ಇದ್ದ. ನಂದ್ ಒಪ್ಗಿ ಇತ್ತ್. ಭಾವಯ್ಯನ್ ಕೈಯಂಗೆ ಮಾತ್ರ ಫೋನ್ ಕೊಡ್ಬೇಡಿ!"

ವೀಳ್ಯ ಬದಲಾಯಿತು.

"ಇನ್ನಾದ್ರೂ ಆ ಗುಡ್ಸು ಆಪ್ ತೆಗೀರಿ" ಎಂದಳು ಹೆಂಡತಿ, ವಾಪಸು ಬಸ್ಸಿನಲ್ಲಿ.

"ತೆಗುದಿಲ್ಲ! ಒಂದ್ ಸೋಲಿಗೆ ಶಿಸ್ತ್ ಬಿಡು ಜನ ಅಲ್ಲ ನಾನ್!"

ಈ ವರದಿ ಬರೆಯುವ ಹೊತ್ತಿಗೆ ಫೋನ್ ಚಾರ್ಜಿಗಿದೆ. ಪರದೆಯ ಮೇಲೆ ಒಂದು ಸಾಲು ಮಿನುಗುತ್ತಿದೆ: "ಮೆಮೊರಿ ಸ್ವಚ್ಛ. ಬ್ಯಾಟರಿ ಉಳಿಸಿದ್ದಕ್ಕೆ ಅಭಿನಂದನೆ!"